ಕ್ಲಾರಿನೆಟ್: ಪಕ್ಕದ ಮನೆಗೆ ಜೋರು, ಹಿಂದಿನ ಸಾಲಿಗೆ ಮೌನ

ಪ್ರಶ್ನೆ: ಐದು ವರ್ಷದಿಂದ ಬಿ ಫ್ಲಾಟ್ ಕ್ಲಾರಿನೆಟ್ ನುಡಿಸುತ್ತಿದ್ದೇನೆ. ವಾರಕ್ಕೊಮ್ಮೆ ರೈಲು ಹತ್ತಿ ಮಡಗಾಂವ್‌ಗೆ ಹೋಗಿ ಅಲ್ಲಿನ ಹವ್ಯಾಸಿ ಆರ್ಕೆಸ್ಟ್ರಾದ ತಾಲೀಮಿಗೆ ಕೂರುತ್ತೇನೆ. ಮನೆಯಲ್ಲಿ ನುಡಿಸಿದರೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಸಭಾಂಗಣದಲ್ಲಿ ಮಾತ್ರ ನನ್ನ ಸೋಲೋ ಬಂದಾಗಲೂ ಹಿಂದಿನ ಸಾಲಿಗೆ ಏನೂ ಕೇಳಿಸುವುದಿಲ್ಲವಂತೆ. ಎಷ್ಟು ಊದಿದರೂ ಅಷ್ಟೇ. ದುಬಾರಿ ಮೌತ್‌ಪೀಸ್ ತರಿಸಲೇ?
– ಓದುಗರು, ಕಾರವಾರ

ಉತ್ತರ: ಸದ್ಯಕ್ಕೆ ದುಡ್ಡು ಜೇಬಿನಲ್ಲೇ ಇರಲಿ. ಮುಂದಿನ ತಾಲೀಮಿಗೆ ಅರ್ಧ ಗಂಟೆ ಮೊದಲೇ ಹೋಗಿ ಒಂದು ಪರೀಕ್ಷೆ ಮಾಡಿ. ಒಂದು ಫೋನನ್ನು ನಿಮ್ಮ ನೋಟ್ಸ್ ಸ್ಟ್ಯಾಂಡಿನ ಮೇಲೂ ಇನ್ನೊಂದನ್ನು ಸಭಾಂಗಣದ ಕೊನೆಯ ಸಾಲಿನಲ್ಲೂ ಇಟ್ಟು ರೆಕಾರ್ಡ್ ಹಾಕಿ. ಒಂದೇ ಎಂಟು ಬಾರ್‌ಗಳನ್ನು ಎರಡು ಸಲ ನುಡಿಸಿ. ಮೊದಲು ನಿಮಗೆ ಹಿತವೆನಿಸುವ ಮೆತ್ತನೆಯ, ದುಂಡನೆಯ ನಾದ. ಆಮೇಲೆ ಕಿವಿಗೆ ತುಸು ಚುಚ್ಚಿದರೂ ಚಿಂತೆಯಿಲ್ಲ ಎಂದುಕೊಂಡು ಮೊನೆಯಿರುವ ನಾದ. ಹತ್ತಿರದ ರೆಕಾರ್ಡಿಂಗ್‌ನಲ್ಲಿ ಮೊದಲನೆಯದೇ ಚೆಂದ ಕೇಳುತ್ತದೆ. ದೂರದ್ದರಲ್ಲಿ ಅದು ಹತ್ತಿಯಲ್ಲಿ ಸುತ್ತಿಟ್ಟ ಹಾಗಿದ್ದು, ಎರಡನೆಯದೇ ಸಲೀಸಾಗಿ ಮುಟ್ಟಿರುತ್ತದೆ. (ಫೋನು ಸದ್ದನ್ನು ತಾನೇ ಏರಿಸಿ ಇಳಿಸುತ್ತದೆ. ಹಾಗಾಗಿ ಯಾವುದು ಜೋರು ಎಂದು ನೋಡಬೇಡಿ, ಯಾವುದರಲ್ಲಿ ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ ಎಂದು ನೋಡಿ.) ನಿಮ್ಮ ತೊಂದರೆಯ ಬಹುಪಾಲು ಇಲ್ಲೇ ಇದೆ. ನುಡಿಸುವವರು ನಾದವನ್ನು ತಮ್ಮ ಕಿವಿಯ ಅಳತೆಗೆ ತಿದ್ದಿಕೊಳ್ಳುತ್ತಾರೆ, ಕೇಳುವವರು ಕೂತಿರುವುದು ಬೇರೆ ಕಡೆ.

ಕಾರಣ ಹೀಗಿದೆ. ಆರ್ಕೆಸ್ಟ್ರಾದ ಒಟ್ಟು ಸದ್ದಿನ ಹೆಚ್ಚಿನ ಪಾಲು 1000 ಹರ್ಟ್ಜ್‌ಗಿಂತ ಕೆಳಗಿರುತ್ತದೆ. ಮನುಷ್ಯರ ಕಿವಿ ಅತಿ ಚುರುಕಾಗಿರುವುದು 2000ದಿಂದ 4000 ಹರ್ಟ್ಜ್ ನಡುವೆ. 1000ದ ಕೆಳಗೆ ನೀವು ಎಷ್ಟೇ ಬಲ ಹಾಕಿದರೂ ವಯೋಲಾ, ಚೆಲ್ಲೋಗಳು ಅದನ್ನು ನುಂಗುತ್ತವೆ. 2000ದಿಂದ 4000ದ ನಡುವೆ ನಿಮ್ಮ ಸ್ವರದ ಉಪಸ್ವರಗಳು (ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳು) ಸ್ವಲ್ಪವೇ ಇದ್ದರೂ ಹಿಂದಿನ ಸಾಲು ಹಿಡಿದುಕೊಳ್ಳುತ್ತದೆ. ದೇವಸ್ಥಾನದ ಪಂಚವಾದ್ಯದಲ್ಲಿ ಶಹನಾಯಿಯಂಥ ಮೌರಿ ಒಂದೇ ಇದ್ದರೂ ಇಡೀ ಕೇರಿಗೆ ಕೇಳುವುದೂ ಇದೇ ಕಾರಣಕ್ಕೆ. ಅದರ ಕೊಳವೆ ಕೆಳಕ್ಕೆ ಅಗಲವಾಗುತ್ತಾ ಹೋಗುವಂಥದು, ಉಪಸ್ವರಗಳೆಲ್ಲ ಅದರಲ್ಲಿ ದಂಡಿಯಾಗಿ ಹುಟ್ಟುತ್ತವೆ. ಕ್ಲಾರಿನೆಟ್ಟಿನದು ಹೆಚ್ಚುಕಡಿಮೆ ಒಂದೇ ಅಗಲದ ಕೊಳವೆ, ಅದೂ ಒಂದು ತುದಿ ಮುಚ್ಚಿದ್ದು. ಕೆಳ ಸ್ಥಾಯಿಯಲ್ಲಿ 1, 3, 5 ಹೀಗೆ ಬೆಸ ಸಂಖ್ಯೆಯ ಉಪಸ್ವರಗಳೇ ಬಲವಾಗಿರುತ್ತವೆ. ಅದರ ಸೊಗಸೂ ಅದೇ, ಕಳೆದುಹೋಗುವ ಗುಣವೂ ಅದೇ.

ಈಗ ಕೆಲಸಕ್ಕೆ ಬರೋಣ. ಮೊದಲು ಗಾಳಿ ಸೋರಿಕೆ ನೋಡಿ. ತೂತು ಮುಚ್ಚುವ ಒಂದು ಪ್ಯಾಡ್ ಕೂದಲೆಳೆಯಷ್ಟು ಎದ್ದಿದ್ದರೂ ಸ್ವರ ಹೊರಡುತ್ತದೆ, ಮೇಲಿನ ಉಪಸ್ವರಗಳು ಸಾಯುತ್ತವೆ. ಎಡಗೈ ಹಿಡಿಯುವ ಮೇಲಿನ ತುಂಡನ್ನು ಮಾತ್ರ ತೆಗೆದುಕೊಂಡು, ಮೂರು ಬೆರಳು ಮತ್ತು ಹೆಬ್ಬೆರಳಿನಿಂದ ತೂತು ಮುಚ್ಚಿ, ಕೆಳಬಾಯಿಗೆ ಅಂಗೈ ಒತ್ತಿ, ಮೇಲಿನಿಂದ ಗಾಳಿ ಹೀರಿ. ನಾಲ್ಕೈದು ಸೆಕೆಂಡಾದರೂ ಎಳೆತ ನಿಲ್ಲಬೇಕು. ಕೆಳಗಿನ ತುಂಡಿಗೆ ಬಲಗೈ ಮೂರು ತೂತು ಮುಚ್ಚಿ, ಅತಿ ಕೆಳಗಿನ ‘ಇ’ ಸ್ವರದ ಕೀ ಒತ್ತಿ ಇದೇ ಪರೀಕ್ಷೆ. ನಿಲ್ಲದಿದ್ದರೆ ತೆಳು ಸಿಗರೇಟ್ ಕಾಗದದ ಸಣ್ಣ ಪಟ್ಟಿಯನ್ನು ಪ್ಯಾಡಿನ ಕೆಳಗಿಟ್ಟು ಕೀ ಮುಚ್ಚಿ ಮೆಲ್ಲನೆ ಎಳೆಯಿರಿ. ನಾಲ್ಕೂ ದಿಕ್ಕಿಗೆ ಒಂದೇ ಬಿಗಿ ಸಿಗಬೇಕು. ಬಿಗಿ ಇಲ್ಲದ ದಿಕ್ಕಿನಲ್ಲೇ ಸೋರಿಕೆ. ಮೇಲಿನ ತುಂಡಿಗೆ ಬಿಗಿ ಇದೆ, ಕೆಳಗಿನದಕ್ಕೂ ಇದೆ, ಜೋಡಿಸಿದ ಮೇಲೆ ಮಾತ್ರ ಸೋರುತ್ತಿದೆ ಎಂದಾದರೆ ಎರಡನ್ನೂ ಸೇರಿಸುವ ಸೇತುವೆ ಕೀ ಬಗ್ಗಿದೆ ಎಂದರ್ಥ. ಅದನ್ನು ಕೈಯಲ್ಲಿ ಬಗ್ಗಿಸಲು ಹೋಗಬೇಡಿ, ರಿಪೇರಿಯವರಿಗೆ ಕೊಡಿ.

ಎರಡನೆಯದು ತುಟಿ. ಇಲ್ಲೇ ಹೆಚ್ಚಿನವರು ಎಡವುವುದು. ಕೇಳಿಸುವುದಿಲ್ಲ ಎಂದ ಕೂಡಲೇ ಹಲ್ಲು ಕಚ್ಚಿ ಊದುತ್ತಾರೆ. ಮೌತ್‌ಪೀಸಿನ ತುದಿ ಮತ್ತು ರೀಡ್ (ಊದಿದಾಗ ಕಂಪಿಸುವ ಜೊಂಡಿನ ತೆಳು ಪಟ್ಟಿ) ನಡುವಿನ ಸಂದು ಇರುವುದೇ ಸುಮಾರು 1 ಮಿಲಿಮೀಟರ್. ವಾಂಡೊರೆನ್ ಬಿ45ರಲ್ಲಿ 1.195, ಅದೇ ಕಂಪನಿಯ 5ಆರ್‌ವಿ ಲೈರ್‌ನಲ್ಲಿ 1.095. ದವಡೆ ಬಿಗಿದಷ್ಟೂ ಈ ಸಂದು ಕಿರಿದಾಗುತ್ತದೆ. ಆಗ ನೀವು ಬಲ ಹೆಚ್ಚಿಸಿದರೆ ರೀಡ್ ಸಂದಿಗೆ ಒತ್ತಿಕೊಂಡು ಮುಚ್ಚುತ್ತದೆಯೇ ಹೊರತು ಸದ್ದು ಏರುವುದಿಲ್ಲ. “ಎಷ್ಟು ಊದಿದರೂ ಅಷ್ಟೇ” ಎಂದು ಬರೆದಿದ್ದೀರಲ್ಲ, ಅದು ಬಹುಶಃ ಇದೇ.

ಎಷ್ಟು ಬಾಯೊಳಗೆ ಇಡಬೇಕು ಎಂಬುದಕ್ಕೆ ಅಂದಾಜು ಬೇಡ. ರೀಡ್ ಕಟ್ಟಿದ ಮೌತ್‌ಪೀಸಿನಲ್ಲಿ, ರೀಡ್ ಹಿಂದೆ ತೆಳು ಕಾಗದ ತೂರಿಸಿ ಒತ್ತಡವಿಲ್ಲದೆ ಕೆಳಗೆ ಜಾರಿಸಿ. ಅದು ನಿಂತ ಜಾಗಕ್ಕೆ ಸರಿಯಾಗಿ ರೀಡ್ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಕೆಳದುಟಿ ಆ ಗೆರೆಯ ಆಸುಪಾಸು ಇರಬೇಕು. ತುದಿಯ ಹತ್ತಿರವೇ ಹಿಡಿದರೆ ನಾದ ಸಣಕಲಾಗುತ್ತದೆ, ಗೆರೆ ದಾಟಿದರೆ ಕೀಚಲು ಬರುತ್ತದೆ. ಕೆನ್ನೆ ಉಬ್ಬದಿರಲಿ, ಗದ್ದ ಚಪ್ಪಟೆಯಾಗಿರಲಿ. ನಾಲಿಗೆಯ ಹಿಂಭಾಗ ‘ಹೀ’ ಎನ್ನುವಾಗಿನಂತೆ ಎತ್ತರದಲ್ಲಿರಲಿ. ‘ಹಾ’ ಎನ್ನುವಂತೆ ಬಾಯಿ ಅಗಲ ಮಾಡಿದರೆ ನಿಮಗೆ ನಾದ ತುಂಬಿ ಬಂದಂತೆ ಕೇಳಬಹುದು. ದೂರಕ್ಕೆ ಅದು ಮಂಕು, ಶ್ರುತಿಯೂ ಇಳಿಯುತ್ತದೆ.

ಇದಕ್ಕೆ ದಿನಕ್ಕೆ 15 ನಿಮಿಷದ ಸಾಧನೆ ಸಾಕು. ಮೆಟ್ರೋನೋಮ್ 60ಕ್ಕೆ ಇಟ್ಟು, ಎದುರಿಗೆ ಟ್ಯೂನರ್ ಇಟ್ಟುಕೊಂಡು, ಒಂದೊಂದು ಸ್ವರವನ್ನು ಎಂಟು ಎಣಿಕೆ ಏರಿಸಿ, ಎಂಟು ಎಣಿಕೆ ಇಳಿಸಿ. ಕ್ಲಾರಿನೆಟ್ ಜೋರಾದಾಗ ಶ್ರುತಿ ತಗ್ಗುತ್ತದೆ, ಮೆಲ್ಲಗಾದಾಗ ಏರುತ್ತದೆ. ಕೊಳಲಿನವರಿಗೆ ಇದು ತಿರುಗಾಮುರುಗಾ, ಅವರ ಸಲಹೆ ಇಲ್ಲಿ ನಡೆಯದು. ಮುಳ್ಳು ತಗ್ಗಿದ ಕೂಡಲೇ ಕಚ್ಚದೆ, ನಾಲಿಗೆ ಎತ್ತಿ ಹೊಟ್ಟೆಯಿಂದ ಗಾಳಿಯ ವೇಗ ಹೆಚ್ಚಿಸಿ. ಆಮೇಲೆ ಕೆಳ ಸ್ಥಾಯಿಯ ಸ್ವರ ಹಿಡಿದು, ತುಟಿ ಕದಲಿಸದೆ, ಸ್ಥಾಯಿ ಬದಲಿಸುವ ರಿಜಿಸ್ಟರ್ ಕೀ ಮಾತ್ರ ತೆರೆಯಿರಿ. ಹನ್ನೆರಡನೆಯ ಸ್ವರ ತಡವರಿಸದೆ ಹಾರಿ ಬಂದರೆ ಗಾಳಿ ಸರಿಯಿದೆ.

ಮಧ್ಯದ ಜಿ, ಜಿ ಶಾರ್ಪ್, ಎ, ಬಿ ಫ್ಲಾಟ್, ಈ ನಾಲ್ಕು ಸ್ವರಗಳ ಮಾತೇ ಬೇರೆ. ಅವು ಹುಟ್ಟಿನಿಂದಲೇ ಬಡವು. ಕೊಳವೆಯ ಸ್ವಲ್ಪ ಭಾಗ ಮಾತ್ರ ಕೆಲಸ ಮಾಡುತ್ತದೆ. ಬಿ ಫ್ಲಾಟ್‌ಗಂತೂ ಸ್ಥಾಯಿ ಬದಲಿಸಲೆಂದು ಕೊರೆದ ಸಣ್ಣ ರಿಜಿಸ್ಟರ್ ತೂತೇ ಗತಿ. ಎ, ಬಿ ಫ್ಲಾಟ್ ನುಡಿಸುವಾಗ ಬಲಗೈಯ ನಡುಬೆರಳು, ಉಂಗುರಬೆರಳು ಎರಡನ್ನೂ ಮುಚ್ಚಿ ನೋಡಿ. ಸಾಲದಿದ್ದರೆ ಎಡಗೈ ಉಂಗುರಬೆರಳನ್ನೂ ಸೇರಿಸಿ. ವಾದ್ಯದಿಂದ ವಾದ್ಯಕ್ಕೆ ಇದು ಬದಲಾಗುತ್ತದೆ, ಟ್ಯೂನರ್ ನೋಡಿ ಆರಿಸಿಕೊಳ್ಳಿ. ನಾದ ತುಂಬುವುದರ ಜೊತೆಗೆ, ಮೇಲಿನ ಬಿ, ಸಿಗೆ ದಾಟಲು ಕೈ ಮೊದಲೇ ತಯಾರಾಗಿರುತ್ತದೆ.

ಇನ್ನು ಕೂರುವ ಜಾಗ. ಕ್ಲಾರಿನೆಟ್ಟಿನ ಸದ್ದೆಲ್ಲ ಕೆಳತುದಿಯ ಅಗಲ ಬಾಯಿಯಾದ ಬೆಲ್‌ನಿಂದ ಬರುತ್ತದೆ ಎಂಬುದು ತಪ್ಪು ಕಲ್ಪನೆ. ಹೆಚ್ಚಿನ ಸ್ವರಗಳು ಹೊರಡುವುದು ತೆರೆದಿರುವ ತೂತುಗಳಿಂದ. ಆದರೆ ಸುಮಾರು 1500 ಹರ್ಟ್ಜ್ ಮೇಲಿನ ಉಪಸ್ವರಗಳು, ಅಂದರೆ ನಮಗೆ ಬೇಕಾದ ಆ ಮೊನೆ, ತೂತುಗಳನ್ನು ದಾಟಿ ಬೆಲ್ ಕಡೆಗೂ ಹೋಗುತ್ತವೆ. ಬೆಲ್ ನೋಡುತ್ತಿರುವುದು ನೆಲವನ್ನು. ನಮ್ಮ ವೇದಿಕೆಗಳಲ್ಲಿ ಆ ನೆಲಕ್ಕೆ ಜಮಖಾನ ಹಾಸಿರುತ್ತಾರೆ, ಅದು ಇಷ್ಟೂ ಕಷ್ಟಪಟ್ಟು ಹುಟ್ಟಿಸಿದ್ದನ್ನು ಹೀರಿಕೊಳ್ಳುತ್ತದೆ! ನಿಮ್ಮ ಕಾಲ ಮುಂದೆ ಒಂದು ಮೀಟರ್‌ನಷ್ಟು ಜಮಖಾನ ಮಡಚಿ ಹಲಗೆ ಕಾಣುವಂತೆ ಮಾಡಿಕೊಳ್ಳಿ. ಬೆಲ್ ಅನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಳ್ಳಬೇಡಿ. ನೋಟ್ಸ್ ಸ್ಟ್ಯಾಂಡ್ ತಗ್ಗಿಸಿ, ಅದು ಕೇಳುಗರಿಗೂ ತೂತುಗಳಿಗೂ ನಡುವೆ ಗೋಡೆಯಾಗದಿರಲಿ.

ಸಂಗೀತ ಬರೆದವರ ಕಡೆಯಿಂದಲೂ ಸ್ವಲ್ಪ ತಿಳಿದಿರಲಿ. ಚೈಕೋವ್‌ಸ್ಕಿಯ 1888ರ ಐದನೇ ಸಿಂಫನಿ ಕ್ಲಾರಿನೆಟ್ಟಿನ ತೀರಾ ಕೆಳಸ್ವರದಿಂದ ಶುರುವಾಗುತ್ತದೆ. ಅಲ್ಲಿ ಇಬ್ಬರು ಕ್ಲಾರಿನೆಟ್ ವಾದಕರಿಗೂ ಒಂದೇ ಸ್ವರ ಬರೆದು, ತಂತಿವಾದ್ಯಗಳನ್ನು ಮೆಲ್ಲಗಿರಿಸಿದ್ದಾರೆ. ಕೆಳಸ್ಥಾಯಿ ಒಂಟಿಯಾಗಿ ನಿಲ್ಲುವುದು ಕಷ್ಟ ಎಂದು ಅಂಥವರಿಗೂ ಗೊತ್ತಿತ್ತು. ನಿಮ್ಮ ಸೋಲೋ ಕೆಳಸ್ಥಾಯಿಯಲ್ಲಿದ್ದು ಹಿಂದೆ ತಂತಿವಾದ್ಯ ದಟ್ಟವಾಗಿದ್ದರೆ, ನಿರ್ದೇಶಕರಿಗೆ ಹೇಳಿ ತಂತಿವಾದ್ಯಗಳ ಸದ್ದು ಇಳಿಸುವುದೇ ಮದ್ದು. ಪಾರ್ಟ್‌ನಲ್ಲಿ ‘ಸೋಲೋ’ ಎಂದಿದ್ದರೆ, ಪಕ್ಕದಲ್ಲಿ ‘ಪಿ’ (ಮೆಲ್ಲಗೆ) ಎಂದು ಬರೆದಿದ್ದರೂ ಒಂದು ಮೆಟ್ಟಿಲು ಮೇಲೆ ನುಡಿಸಿ. ಸ್ವರದ ಮೊದಲ ತುದಿ ಸ್ಪಷ್ಟವಿರಲಿ: ನಾಲಿಗೆ ರೀಡ್ ತುದಿಗೆ ತಾಗಿರುವಾಗಲೇ ಗಾಳಿಯ ಒತ್ತಡ ತಯಾರಿರಬೇಕು, ನಾಲಿಗೆ ಬಿಡುವುದಷ್ಟೇ ಕೆಲಸ. ಎದ್ದು ಕೇಳಲೆಂದು ಶ್ರುತಿಯನ್ನು ತುಸು ಏರಿಸಿ ನುಡಿಸುವವರಿದ್ದಾರೆ. ಎದ್ದೇನೋ ಕೇಳುತ್ತದೆ, ಅಪಸ್ವರವಾಗಿ.

ಇಷ್ಟೆಲ್ಲ ಆದ ಮೇಲೂ ಮಂಕಾಗಿದ್ದರೆ ಮೌತ್‌ಪೀಸ್ ಯೋಚಿಸಿ. ಅದೂ ಮೂರ್ನಾಲ್ಕನ್ನು ಕೊನೆಯ ಸಾಲಿನ ಫೋನಿನ ಪರೀಕ್ಷೆಗೆ ಹಚ್ಚಿ, ಕೈಗೆ ಸಿಕ್ಕಿದ್ದನ್ನಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ನನ್ನ ರೀಡುಗಳೆಲ್ಲ ಸತ್ತ ಹಾಗಾಗುತ್ತವೆ, ವಾದ್ಯದ ತುಂಡುಗಳು ಬಿಡಿಸಲು ಬರುವುದಿಲ್ಲ. ಬೇಸಿಗೆಯಲ್ಲಿ ಎಲ್ಲ ಸರಿ. ಏನು ಮಾಡಲಿ?
– ಓದುಗರು, ಶಿರಸಿ

ಉತ್ತರ: ರೀಡ್ ಎಂದರೆ ಒಂದು ಜಾತಿಯ ಜೊಂಡಿನ ಸೀಳು, ಜುಲೈನ ಗಾಳಿಯಲ್ಲಿ ಅದು ಒಣಗುವುದೇ ಇಲ್ಲ. ಒಂದೇ ರೀಡಿನಲ್ಲಿ ದಿನ ದೂಡಬೇಡಿ. ನಾಲ್ಕಕ್ಕೆ ನಂಬರ್ ಹಾಕಿ ದಿನಕ್ಕೊಂದರಂತೆ ಸರದಿ ನಡೆಸಿ. ನುಡಿಸಿದ ಮೇಲೆ ಬಟ್ಟೆಯಲ್ಲಿ ಒರೆಸಿ, ಚಪ್ಪಟೆ ಭಾಗ ಗಾಜಿಗೆ ತಾಗುವಂತೆ ಇಡಿ. ಡಬ್ಬಿಯಲ್ಲಿ ಸಿಲಿಕಾ ಜೆಲ್‌ನ ಸಣ್ಣ ಪೊಟ್ಟಣ ಒಂದು ಸಾಕು, ಹೆಚ್ಚಾದರೆ ಒಣಗಿ ತುದಿ ಅಲೆಯಾಗುತ್ತದೆ.

ಸತ್ತಿದೆಯೋ, ಬಗ್ಗಿದೆಯೋ ಎಂದು ತಿಳಿಯಲು: ರೀಡ್ ಕಟ್ಟಿ, ಮೌತ್‌ಪೀಸಿನ ಹಿಂಬದಿಗೆ ಅಂಗೈ ಒತ್ತಿ ಗಾಳಿ ಹೀರಿ ಬಾಯಿ ತೆಗೆಯಿರಿ. ರೀಡ್ ಒಂದು ಕ್ಷಣ ಅಂಟಿಕೊಂಡಿದ್ದು ‘ಟಪ್’ ಎಂದು ಬಿಡಬೇಕು. ಹಿಡಿಯದಿದ್ದರೆ ಚಪ್ಪಟೆ ಭಾಗ ಬಗ್ಗಿದೆ. ಗಾಜಿನ ಮೇಲೆ 400 ನಂಬರಿನ ಉಪ್ಪುಕಾಗದ ಹಾಸಿ, ತುದಿಯನ್ನು ಕಾಗದದಿಂದಾಚೆ ಬಿಟ್ಟು ನಾಲ್ಕೈದು ಸಲ ಉಜ್ಜಿ, ಮತ್ತೆ ನೋಡಿ. ಬೂಷ್ಟು ಹಿಡಿದು ಕಪ್ಪು ಚುಕ್ಕಿ ಬಂದ ರೀಡನ್ನು ಎಸೆಯಿರಿ, ಅದು ಬಾಯಿಗೆ ಹೋಗುವ ವಸ್ತು.

ಬಿಗಿದ ತುಂಡುಗಳನ್ನು ತಿರುಚಿ ಎಳೆಯಬೇಡಿ, ಸೇತುವೆ ಕೀ ಬಗ್ಗುತ್ತದೆ. ನುಡಿಸಿದ ಕೂಡಲೇ ಬಿಡಿಸಿ, ಸಂದುಗಳ ನೀರು ಒರೆಸಿ, ಕಾರ್ಕಿಗೆ ಗ್ರೀಸ್ ಹಚ್ಚಿ. ಒಣಗಲೆಂದು ಒಲೆಯ ಹತ್ತಿರವೋ ಅಡಿಕೆ ಡ್ರೈಯರ್ ಪಕ್ಕವೋ ಇಡುವ ಆಸೆ ಮಾತ್ರ ಬೇಡ. ಮರ ಒಮ್ಮೆಲೇ ಒಣಗಿದರೆ ಸೀಳುತ್ತದೆ.

ಪ್ರಶ್ನೆ: ಚಿತ್ರಗೀತೆಗಳ ಆರ್ಕೆಸ್ಟ್ರಾದಲ್ಲಿ ನುಡಿಸುತ್ತೇನೆ. ಸಮುದ್ರ ದಂಡೆಯ ಬಯಲು ವೇದಿಕೆಯಲ್ಲಿ ಬೆಲ್ ಒಳಗೆ ಮೈಕ್ ಇಟ್ಟರೂ ಕೆಲವು ಸ್ವರ ಗುಡುಗುತ್ತವೆ, ಉಳಿದವು ಇಲ್ಲವೇ ಇಲ್ಲ.
– ಓದುಗರು, ಕುಮಟಾ

ಉತ್ತರ: ಮೈಕನ್ನು ಬೆಲ್‌ನಿಂದ ಹೊರಗೆ ತೆಗೆಯಿರಿ. ಎಲ್ಲ ತೂತು ಮುಚ್ಚಿದ ಸ್ವರಗಳು ಮಾತ್ರ ಪೂರ್ತಿ ಬೆಲ್‌ನಿಂದ ಬರುತ್ತವೆ, ಗುಡುಗುವುದು ಅವೇ. ಮೈಕನ್ನು ವಾದ್ಯದಿಂದ 25–30 ಸೆಂಟಿಮೀಟರ್ ದೂರದಲ್ಲಿ, ಎರಡು ಕೈಗಳ ನಡುವಿನ ಜಾಗಕ್ಕೆ ಗುರಿಯಿಟ್ಟು ನಿಲ್ಲಿಸಿ. ಮಿಕ್ಸರ್‌ನಲ್ಲಿ 120 ಹರ್ಟ್ಜ್ ಕೆಳಗಿನದನ್ನು ಕತ್ತರಿಸಲು ಹೇಳಿ. ನಿಮ್ಮ ಅತಿ ಕೆಳಗಿನ ಸ್ವರವೇ ಸುಮಾರು 147, ಅದಕ್ಕಿಂತ ಕೆಳಗೆ ಬರುವುದು ಗಾಳಿಯ ಸದ್ದು ಮತ್ತು ಡ್ರಮ್. 2500ರ ಸುತ್ತ ಎರಡು ಮೂರು ಡೆಸಿಬಲ್ ಏರಿಸಿದರೆ ಸಾಕು. ಕಡಲಗಾಳಿಗೆ ಮೈಕಿನ ಮೇಲೆ ದಪ್ಪ ಸ್ಪಂಜಿನ ಟೋಪಿ ಇರಲಿ. ಬಯಲಲ್ಲಿ ಸದ್ದನ್ನು ಮರಳಿಸಲು ಗೋಡೆಯಿಲ್ಲ, ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. ಹಾಗಾಗಿ ಅಲ್ಲಿ ಬಾಯಿಬಲ ನೆಚ್ಚಬೇಡಿ, ಮಾನಿಟರ್‌ನಲ್ಲಿ ನಿಮ್ಮ ಸ್ವರ ನಿಮಗೆ ಕೇಳುವಂತೆ ಕೇಳಿ ಪಡೆಯಿರಿ.

ಪ್ರಶ್ನೆ: ಅಜ್ಜ ಬ್ಯಾಂಡ್‌ನಲ್ಲಿ ನುಡಿಸುತ್ತಿದ್ದ ಹಳೆಯ ಕ್ಲಾರಿನೆಟ್ ಸಿಕ್ಕಿದೆ. ನಾದ ಚೂಪಾಗಿದೆ, ಕೀಬೋರ್ಡಿಗೆ ಮಾತ್ರ ಹೊಂದುತ್ತಿಲ್ಲ. ಬ್ಯಾರೆಲ್ (ಮೌತ್‌ಪೀಸಿನ ಕೆಳಗಿನ ಗಿಡ್ಡ ತುಂಡು) ಎಳೆದರೂ ಸರಿಯಾಗುವುದಿಲ್ಲ.
– ಓದುಗರು, ಅಂಕೋಲಾ

ಉತ್ತರ: ಬ್ರಿಟಿಷರ ಕಾಲದ ಮಿಲಿಟರಿ ಬ್ಯಾಂಡುಗಳ ಶ್ರುತಿ ಈಗಿನದಕ್ಕಿಂತ ಎತ್ತರ, ಎ ಸ್ವರ ಸುಮಾರು 452 ಹರ್ಟ್ಜ್. ಈಗಿನ ಕೀಬೋರ್ಡ್ 440. ವ್ಯತ್ಯಾಸ ಹತ್ತಿರಹತ್ತಿರ ಅರ್ಧ ಸ್ವರದ ಅರ್ಧ. ಬ್ಯಾರೆಲ್ ಎಳೆದರೆ ಮಧ್ಯದ ಸ್ವರಗಳು ಹೆಚ್ಚು ಇಳಿಯುತ್ತವೆ, ಕೆಳಗಿನವು ಕಡಿಮೆ ಇಳಿಯುತ್ತವೆ, ತಮ್ಮತಮ್ಮೊಳಗೇ ಜಗಳ. ವಾದ್ಯದ ಮೈಮೇಲೆ ‘ಎಚ್‌ಪಿ’ ಎಂಬ ಇಂಗ್ಲಿಷ್ ಅಕ್ಷರಗಳ ಮುದ್ರೆ ಇದೆಯೇ ನೋಡಿ. ಇದ್ದರೆ ಅದು ಹೈ ಪಿಚ್ ವಾದ್ಯ, 440ರ ಕೀಬೋರ್ಡಿನ ಜೊತೆ ಎಂದೂ ಸೇರದು. ಒಂಟಿಯಾಗಿ ನುಡಿಸಿ, ಇಲ್ಲವೇ ಕೀಬೋರ್ಡಿನ ಟ್ಯೂನಿಂಗ್ ಅನ್ನು 452ಕ್ಕೆ ಏರಿಸಿಕೊಳ್ಳಿ. ಹೆಚ್ಚಿನ ಕೀಬೋರ್ಡ್‌ಗಳಲ್ಲಿ ಆ ಸೌಲಭ್ಯ ಇರುತ್ತದೆ.