ಮೂಗನ್ನು ನಂಬಿ ಟ್ಯಾಂಕಿಗೆ ಇಳಿಯಬಹುದೇ?

(ಸರಕು ಸಾಗಿಸುವ ಚಪ್ಪಟೆ ತಳದ ದೋಣಿಗಳಾದ ಬಾರ್ಜುಗಳ ದುರಸ್ತಿಯ ಗುತ್ತಿಗೆದಾರರೊಬ್ಬರು ಕಾರವಾರದಿಂದ ಬರೆಯುತ್ತಾರೆ: “ಅನುಭವಸ್ಥ ಕೆಲಸಗಾರ ಟ್ಯಾಂಕಿನ ಬಾಯಲ್ಲೇ ಗ್ಯಾಸಿನ ವಾಸನೆ ಹಿಡಿಯುತ್ತಾನೆ. ಅವನಿಗೆ ತರಬೇತಿ ಕೊಡಿಸುವುದೆಂದರೆ ಒಂದು ದಿನದ ಕೂಲಿ ದಂಡ.”)

ಹವಾನಿಯಂತ್ರಿತ ಕೋಣೆಯಲ್ಲಿ ಇಂಗ್ಲಿಷ್ ಸ್ಲೈಡುಗಳನ್ನು ತೋರಿಸಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವ ತರಬೇತಿಯಿಂದ ಯಾರ ಜೀವವೂ ಉಳಿಯುವುದಿಲ್ಲ ಎಂಬಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಮೂಗಿನ ಮೇಲೆ ನೀವಿಟ್ಟಿರುವ ಭರವಸೆ ನನಗಿಲ್ಲ. ಬಾರ್ಜಿನ ಮುಚ್ಚಿದ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಹಿಡಿಯುವ ತುಕ್ಕು ಒಳಗಿನ ಆಮ್ಲಜನಕವನ್ನೇ ಹೀರಿಕೊಳ್ಳುತ್ತದೆ, ಹೊರಗೆ ಶೇ. 20.9ರಷ್ಟಿರುವುದು ಅಲ್ಲಿ ಶೇ. 10ಕ್ಕಿಂತ ಕೆಳಗಿಳಿದರೂ ವಾಸನೆಯಾಗಲಿ ಬಣ್ಣವಾಗಲಿ ಅದನ್ನು ಹೇಳುವುದಿಲ್ಲ, ಇಳಿದವನು ಏಣಿಯ ಮೇಲೆಯೇ ಪ್ರಜ್ಞೆ ತಪ್ಪಬಹುದು. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಇನ್ನೂ ಮೋಸದ್ದು: ಹತ್ತು ಲಕ್ಷಕ್ಕೆ ನೂರು ಭಾಗದ ಆಸುಪಾಸಿಗೆ ಬರುವಷ್ಟರಲ್ಲಿ ಅದು ಮೂಗನ್ನೇ ಮರಗಟ್ಟಿಸುತ್ತದೆ, ಕೆಲಸಗಾರನಿಗೆ ಗ್ಯಾಸು ಹೋಯಿತೆಂದೇ ಅನಿಸುತ್ತದೆ. 2012ರಲ್ಲಿ ಗೋವಾದ ಗಣಿಗಾರಿಕೆ ನಿಂತಾಗ ಮಾಂಡೋವಿ, ಜುವಾರಿ ನದಿಗಳ ಅದಿರಿನ ಬಾರ್ಜುಗಳು ಕೆಲಸವಿಲ್ಲದೆ ನಿಂತುಬಿಟ್ಟದ್ದು ನಿಮಗೆ ಗೊತ್ತಿರಬೇಕು. ಹಾಗೆ ನಿಂತ ಬಾರ್ಜಿನ ಮ್ಯಾನ್‌ಹೋಲ್ ತೆರೆಯುವವನಿಗೆ ಬೇಕಾದದ್ದು ಒಳಗೆ ಗಾಳಿ ಊದುವ ಬ್ಲೋವರ್, ಗ್ಯಾಸ್ ಮೀಟರ್, ಮತ್ತು ಮೇಲೆ, ನಡುವೆ, ತಳದಲ್ಲಿ ಮೂರು ಕಡೆಯೂ ಅಳೆಯುವ ಅಭ್ಯಾಸ.

ತರಬೇತಿಯ ಮುಖ್ಯ ಪಾಠ ಮಾತ್ರ ಹೊರಗೆ ನಿಲ್ಲುವವನಿಗೆ ಸೇರಿದ್ದು. ಇಂಥ ಜಾಗಗಳಲ್ಲಿ ಸಾಯುವವರ ಪೈಕಿ ಶೇ. 60ಕ್ಕಿಂತ ಹೆಚ್ಚು ಮಂದಿ ಇನ್ನೊಬ್ಬರನ್ನು ಉಳಿಸಲು ಹೋದವರೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ 1986ರಲ್ಲೇ ಹೇಳಿತ್ತು. ಅಷ್ಟು ದೂರವೇಕೆ, 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ಟ್ಯಾಂಕಿಗೆ ಬಿದ್ದವನನ್ನು ಎತ್ತಲು ಉಳಿದವರು ಇಳಿದು, ಪಶ್ಚಿಮ ಬಂಗಾಳದ ಐವರು ಸತ್ತರು. ಜೊತೆಗಾರ ಬಿದ್ದದ್ದನ್ನು ಕಂಡವನ ಕಾಲು ತಾನಾಗಿ ಏಣಿಗಿಳಿಯುತ್ತದೆ. ಅದನ್ನು ತಡೆದು, ಇಳಿದವನಿಗೆ ಕಟ್ಟಿದ ಹಗ್ಗವನ್ನು ಹೊರಗಿನಿಂದಲೇ ಎಳೆಯುವಂತೆ ಮಾಡಲು ಹಲವು ಸಲದ ಅಣಕು ಅಭ್ಯಾಸವೇ ಬೇಕು, ಅದೂ ಕೆಲಸಗಾರ ಮನೆಯಲ್ಲಾಡುವ ಭಾಷೆಯಲ್ಲಿ.

ಹಡಗುಗಳ ಸುರಕ್ಷತೆಗೆಂದು ದೇಶಗಳು ಮಾಡಿಕೊಂಡ ‘ಸೋಲಾಸ್’ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಯಾನದ ಸರಕು ಹಡಗುಗಳಲ್ಲಿ 2015ರ ಜನವರಿಯಿಂದ ಎರಡು ತಿಂಗಳಿಗೊಮ್ಮೆ ಈ ಅಭ್ಯಾಸ ಕಡ್ಡಾಯವಾಗಿದೆ, ಆದರೆ ಎಂಜಿನ್ ಇಲ್ಲದ ಬಾರ್ಜು ಆ ಒಪ್ಪಂದದ ವ್ಯಾಪ್ತಿಗೇ ಬರುವುದಿಲ್ಲ. ನೆಲದ ಮೇಲಿನ ಕಥೆಯೂ ಬೇರೆಯಲ್ಲ: ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ರೂಪಾಯಿ ಕೊಡಿಸಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಬೆಳೆಯುತ್ತಿರುವ ಈ ದೇಶದಲ್ಲಿ ಗ್ಯಾಸ್ ಮೀಟರಿನ ಬೆಲೆ ಮಾತ್ರ ಎಲ್ಲರಿಗೂ ದುಬಾರಿಯಾಗಿ ಕಾಣುತ್ತದೆ.

ನೀವು ಕೆಲಸಗಾರರನ್ನು ಪ್ರೀತಿಸುವವರೆಂಬುದು ಪತ್ರದಲ್ಲಿ ಕಾಣುತ್ತದೆ, ಆದ್ದರಿಂದಲೇ ಇಷ್ಟು ಕಟುವಾಗಿ ಬರೆದೆ. ಮುಂದಿನ ಬಾರ್ಜ್ ದುರಸ್ತಿಗೆ ಬಂದಾಗ ಒಂದು ದಿನದ ಕೂಲಿ ಕೊಟ್ಟೇ ತರಬೇತಿ ನಡೆಸಿ, ಮ್ಯಾನ್‌ಹೋಲಿನ ಪಕ್ಕ ನಿಲ್ಲುವವನಿಂದ ಶುರುಮಾಡಿ.

– ಸಂ.