ಗೇರ್‌ಬಾಕ್ಸ್ ಬಿಚ್ಚಿಸಿದ್ದೇನೆ, ಎಲ್ಲ ಗೇರುಗಳನ್ನೂ ಬದಲಿಸಲೇಬೇಕೇ?

ನಿಮ್ಮ ಹಳೆಯ ಜೀಪಿನಲ್ಲಿ ಎರಡನೇ ಗೇರ್ ಹಾಕುವಾಗ ಕರಕರ ಸದ್ದಾಗುತ್ತದೆ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಮೂರನೇ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಾರುತ್ತದೆ, ಮೆಕ್ಯಾನಿಕ್ ಎಲ್ಲ ಗೇರುಗಳನ್ನೂ ಬದಲಿಸಬೇಕೆನ್ನುತ್ತಾರೆ ಎಂದು ಬರೆದಿದ್ದೀರಿ. ಈ ಕೆಲಸವನ್ನು ಬಹಳ ಕಾಲ ಮಾಡಿದವನಾಗಿ ಹೇಳುವುದಾದರೆ, ಇವು ಎರಡು ಬೇರೆ ಕಾಯಿಲೆಗಳು. ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕಳಚಿದ ಕ್ರಮದಲ್ಲಿಯೇ ಜೋಡಿಸಿಟ್ಟು ನೋಡುವವರೆಗೆ ಯಾವುದಕ್ಕೂ ಒಪ್ಪಬೇಡಿ.

ಎರಡನೇ ಗೇರಿನ ಸದ್ದಿಗೆ ಮೊದಲು ಅನುಮಾನಿಸಬೇಕಾದದ್ದು ಹಿತ್ತಾಳೆಯ ಸಿಂಕ್ರೊ ರಿಂಗನ್ನು, ಎಂದರೆ ಗೇರ್ ಕಚ್ಚುವ ಮೊದಲು ಗೇರಿನ ಮತ್ತು ಶಾಫ್ಟಿನ ವೇಗವನ್ನು ಸರಿಹೊಂದಿಸುವ ಬಳೆಯನ್ನು. ಅದರ ಒಳಮೈಯಲ್ಲಿ ಎಣ್ಣೆಯ ಪದರವನ್ನು ಕತ್ತರಿಸುವ ಸಣ್ಣ ಗೀರುಗಳಿರುತ್ತವೆ. ಉಗುರಿನಿಂದ ಸವರಿದಾಗ ಅವು ಚೂಪಾಗಿ ತಾಕಬೇಕು, ನುಣ್ಣಗಾಗಿ ಹೊಳೆಯುತ್ತಿದ್ದರೆ ರಿಂಗ್ ಸವೆದಿದೆ. ಬಳಿಕ ರಿಂಗನ್ನು ಅದರದೇ ಗೇರಿನ ಕೋನ್ (ರಿಂಗ್ ಕೂರುವ ಇಳಿಜಾರು ಮೈ) ಮೇಲೆ ಕೈಯಿಂದ ಒತ್ತಿ ತಿರುಗಿಸಿ: ಅದು ಕಚ್ಚಿ ನಿಲ್ಲಬೇಕು. ಹಾಗೆ ಒತ್ತಿ ಹಿಡಿದಾಗ ರಿಂಗಿಗೂ ಗೇರಿನ ಸಣ್ಣ ಹಲ್ಲುಗಳಿಗೂ ನಡುವೆ ಉಳಿಯುವ ಸಂದನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು) ಮೂರು ನಾಲ್ಕು ಕಡೆ ಅಳೆದು, ನಿಮ್ಮ ವಾಹನದ ಸರ್ವಿಸ್ ಪುಸ್ತಕದ ಮಿತಿಯೊಂದಿಗೆ ಹೋಲಿಸಿ. ಸಂದು ಆ ಮಿತಿಗಿಂತ ಕಿರಿದಾಗಿದ್ದರೆ ರಿಂಗ್ ಬದಲಿಸಲೇಬೇಕು. ಕೋನ್ ಗೀರಿಲ್ಲದೆ ಚೆನ್ನಾಗಿದ್ದರೆ ಗೇರನ್ನು ಉಳಿಸಿಕೊಳ್ಳಬಹುದು.

ಮೂರನೇ ಗೇರ್ ಜಾರುವುದು ಹೆಚ್ಚಾಗಿ ಸ್ಲೀವ್ (ಗೇರನ್ನು ಶಾಫ್ಟಿಗೆ ಜೋಡಿಸುವ, ಸರಿದಾಡುವ ಬಳೆ) ಬಂದು ಕಚ್ಚುವ ಆ ಸಣ್ಣ ಹಲ್ಲುಗಳ ಅಂಚು ಉರುಟಾದಾಗ. ಆದರೆ ಅಲ್ಲಿಗೇ ನಿಲ್ಲಬೇಡಿ. ಒಮ್ಮೆ ನಾನು ಗೇರ್ ಮತ್ತು ಸ್ಲೀವ್ ಎರಡನ್ನೂ ಹೊಸದು ಹಾಕಿ, ಸ್ಲೀವನ್ನು ತಳ್ಳುವ, ತುದಿ ಸವೆದಿದ್ದ ಫೋರ್ಕನ್ನು ಹಾಗೆಯೇ ಬಿಟ್ಟಿದ್ದೆ. ಕೆಲವೇ ವಾರಗಳಲ್ಲಿ ಅದೇ ದೂರಿನೊಂದಿಗೆ ಗಾಡಿ ಮರಳಿ ಬಂತು. ಸವೆದ ಫೋರ್ಕ್ ಸ್ಲೀವನ್ನು ಪೂರ್ತಿ ತಳ್ಳುವುದಿಲ್ಲವಾದ್ದರಿಂದ ಹಲ್ಲುಗಳು ತುದಿಯಲ್ಲಷ್ಟೇ ಕಚ್ಚಿಕೊಂಡು, ಹೊಸವೂ ಬೇಗನೆ ಹಾಳಾಗುತ್ತವೆ. ಫೋರ್ಕ್ ಕೂತಿರುವ ಸೆಲೆಕ್ಟರ್ ಕಂಬಿಯನ್ನು ಹಿಡಿದಿಡುವ ಗುಂಡು ಮತ್ತು ಸ್ಪ್ರಿಂಗನ್ನೂ, ಶಾಫ್ಟಿನ ಮೇಲೆ ಗೇರಿಗಿರುವ ಹಿಂದುಮುಂದಿನ ಆಟವನ್ನೂ ಇದೇ ಹೊತ್ತಿನಲ್ಲಿ ನೋಡಿಸಿ.

ಕೋನ್ ಮತ್ತು ಸಣ್ಣ ಹಲ್ಲುಗಳು ಚೆನ್ನಾಗಿದ್ದರೆ, ದೊಡ್ಡ ಹಲ್ಲುಗಳ ಮೈಮೇಲೆ ಗುಳಿ ಬಿದ್ದಿದ್ದರೆ ಅಥವಾ ಚಕ್ಕೆ ಎದ್ದಿದ್ದರೆ ಮಾತ್ರ ಗೇರ್ ಬದಲಿಸುವ ಮಾತು. ಬರಿಯ ಹೊಳಪು ಸವೆತವಲ್ಲ. ರಿವರ್ಸ್ ಗೇರಿಗೆ ಸಾಮಾನ್ಯವಾಗಿ ಸಿಂಕ್ರೊ ಇರುವುದಿಲ್ಲವಾದ್ದರಿಂದ ಅದರ ಹಲ್ಲಿನ ತುದಿ ಸ್ವಲ್ಪ ಮುಕ್ಕಾಗಿರುವುದನ್ನು ತೋರಿಸಿ ಹೆದರಿಸಿದರೆ ಹೆದರಬೇಡಿ. ಬೇರಿಂಗನ್ನು ತೊಳೆದು, ಎಣ್ಣೆ ಹಚ್ಚಿ, ಬೆರಳಿನಿಂದ ನಿಧಾನ ತಿರುಗಿಸಿದಾಗ ಒರಟು ತಾಕಿದರೆ ಬದಲಿಸಿ. ಗಾಳಿ ಹೊಡೆದು ಒಣದಾಗಿ ತಿರುಗಿಸಲು ಮಾತ್ರ ಬಿಡಬೇಡಿ, ಒಳ್ಳೆಯ ಬೇರಿಂಗೂ ಕೆಡುತ್ತದೆ.

ಇಳಿಸಿದ ಎಣ್ಣೆ ಚೆಲ್ಲಿರದಿದ್ದರೆ ಅದನ್ನೂ ನೋಡಿ. ಚಿನ್ನದ ಪುಡಿಯಂತಹ ಮಿನುಗು ಇದ್ದರೆ ಅದು ರಿಂಗಿನ ಹಿತ್ತಾಳೆ. ಡ್ರೈನ್ ಪ್ಲಗ್ಗಿನ ಆಯಸ್ಕಾಂತಕ್ಕೆ ಅಂಟಿದ ನುಣ್ಣನೆಯ ಬೂದು ಕೆಸರು ಸಹಜ, ಉಕ್ಕಿನ ಚೂರುಗಳು ಸಹಜವಲ್ಲ. ಮತ್ತೆ ತುಂಬಿಸುವಾಗ ಪುಸ್ತಕದಲ್ಲಿ ಜಿಎಲ್-4 (ಗೇರ್ ಎಣ್ಣೆಯ ಒಂದು ದರ್ಜೆ) ಎಂದಿದ್ದರೆ ಅದನ್ನೇ ಹಾಕಿಸಿ, ಏಕೆಂದರೆ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆಂದು ಇಟ್ಟಿರುವ ಜಿಎಲ್-5 ಎಣ್ಣೆ ಹೊಸ ಸಿಂಕ್ರೊ ರಿಂಗುಗಳಿಗೆ ಒಗ್ಗದಿರಬಹುದು.