ಕುರಿಗೆ ತಡೆ, ಕಾರಿಗೆ ದಾರಿ?

ಪ್ರಶ್ನೆ: ನಮ್ಮೂರ ಪಕ್ಕದ ಬಯಲನ್ನು ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಪ್ರದೇಶ ಮಾಡಿದ್ದಾರೆ. ತಾತನ ಕಾಲದಿಂದ ಅಲ್ಲೇ ಕುರಿ ಮೇಯಿಸಿಕೊಂಡು ಬಂದವರು ನಾವು. ಈಗ ಕುರಿ ಬಿಡಬೇಡಿ ಅನ್ನುತ್ತಾರೆ. ಭಾನುವಾರ ಬಂದರೆ ಕ್ಯಾಮೆರಾದವರ ಕಾರುಗಳು ಮಾತ್ರ ಹುಲ್ಲಿನ ಮೇಲೇ ಓಡಾಡುತ್ತವೆ. ಕುರಿಯಿಂದ ನಿಜವಾಗಿಯೂ ಅಷ್ಟು ಹಾನಿಯೇ?

ಉತ್ತರ: ಹಾನಿ ಇದೆ. ಆದರೆ ಎಷ್ಟು ಕುರಿ, ಯಾವ ತಿಂಗಳು ಎನ್ನುವುದನ್ನು ಬಿಟ್ಟು ಈ ಮಾತಾಡುವುದು ತಪ್ಪು. ಮೊದಲ ಮಳೆಗೆ ಚಿಗುರಿದ ಹುಲ್ಲನ್ನು ಆಗಲೇ ಮೇಯಿಸಿಬಿಟ್ಟರೆ ಅದು ತೆನೆ ಬಿಡುವುದಿಲ್ಲ, ಬೀಜ ಉದುರಿಸುವುದಿಲ್ಲ. ವರ್ಷವರ್ಷವೂ ಹೀಗೇ ಆದರೆ ಒಳ್ಳೆಯ ಮೇವು ಹೋಗಿ, ಕುರಿ ಮೂಸಿಯೂ ನೋಡದ ಕಳೆ ಉಳಿಯುತ್ತದೆ. ಹಾಗಂತ ಮೇಯಿಸುವುದನ್ನು ಪೂರ್ತಿ ನಿಲ್ಲಿಸಿದರೆ ಕೃಷ್ಣಮೃಗ ಸುಖವಾಗಿರುತ್ತದೆಂದೂ ಅಲ್ಲ. ಅದಕ್ಕೆ ಬೇಕಾದದ್ದು ದೂರಕ್ಕೆ ಕಣ್ಣು ಹಾಯುವ ಬಯಲು, ಗಿಡ್ಡ ಹುಲ್ಲು. ರಾಜಸ್ಥಾನದ ಭರತಪುರ ಪಕ್ಷಿಧಾಮದಲ್ಲಿ 1982ರಲ್ಲಿ ಎಮ್ಮೆ, ದನಗಳನ್ನು ಒಮ್ಮೆಲೇ ಹೊರಗಿಟ್ಟಾಗ ಪಾಸ್ಪಾಲಮ್ ಹುಲ್ಲು ಜೌಗನ್ನು ಮುಚ್ಚಿ ನೀರುಹಕ್ಕಿಗಳಿಗೇ ತೊಂದರೆಯಾಯಿತು. ಅದು ಜೌಗು, ನಿಮ್ಮದು ಒಣಬಯಲು. ಆದರೂ ಆತುರಪಡುವವರು ನೆನಪಿಡಬೇಕಾದ ಕತೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಮೈಸೂರು ಸೀಮೆಯ ಅಮೃತ್ ಮಹಲ್ ಕಾವಲುಗಳನ್ನು (ಆ ತಳಿಯ ದನಗಳಿಗೆಂದೇ ಮೀಸಲಿಟ್ಟ ಹುಲ್ಲುಗಾವಲುಗಳು) ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ದನಗಳನ್ನು ಋತುವಿಗೊಂದು ಕಡೆ ಹೊಡೆದುಕೊಂಡು ಹೋಗುತ್ತಿದ್ದರು. ಒಂದರಲ್ಲಿ ದನ ಮೇಯುವಾಗ ಇನ್ನೊಂದು ಸುಧಾರಿಸಿಕೊಳ್ಳುತ್ತಿತ್ತು. ನಿಮ್ಮಲ್ಲೂ ಬಯಲನ್ನು ಮೂರ್ನಾಲ್ಕು ಭಾಗ ಮಾಡಿ, ಮುಂಗಾರಿನಿಂದ ಬೀಜ ಉದುರುವ ತನಕ ಸರದಿಯಂತೆ ಒಂದಕ್ಕಾದರೂ ಪೂರ್ತಿ ಬಿಡುವು ಕೊಡಲು ಕೇಳಿ. ಆಮೇಲೆ ಅಲ್ಲಿಂದ ಹುಲ್ಲು ಕೊಯ್ದು ಹೊರೆ ಕಟ್ಟಿ ತರಬಹುದು. ಜಾಗ ಚಿಕ್ಕದಾದರೆ ಮಾತ್ರ ಕಷ್ಟ. ತುಮಕೂರು ಜಿಲ್ಲೆಯ ಜಯಮಂಗಲಿ ಮೀಸಲು ಇರುವುದೇ 798 ಎಕರೆ, ಅಷ್ಟರಲ್ಲಿ ಹಂಚುವುದೇನು? ಅಂಥ ಕಡೆ ಸುತ್ತಲಿನ ಗೋಮಾಳಗಳನ್ನು ಮೊದಲು ಸರಿಪಡಿಸಬೇಕು.

ನಿಮ್ಮ ಕಡೆಯಿಂದ ಆಗಬೇಕಾದದ್ದೂ ಇದೆ. ಮಂದೆಯ ಜೊತೆ ಬರುವ ನಾಯಿಗಳನ್ನು ಕಟ್ಟಿಹಾಕಿ. ಅವು ಕೃಷ್ಣಮೃಗದ ಮರಿಗಳನ್ನು ಅಟ್ಟುವುದಲ್ಲದೆ ತೋಳ, ನರಿಗಳಿಗೆ ರೋಗ ದಾಟಿಸುತ್ತವೆ. ಬಳ್ಳಾರಿ ಜಾಲಿಯ ಕಾಯಿ ತಿಂದ ಕುರಿಗಳನ್ನು ನೇರ ಬಯಲಿಗೆ ಬಿಡಬೇಡಿ. ಬೀಜ ಹಿಕ್ಕೆಯಲ್ಲಿ ಬಿದ್ದು ಅಲ್ಲೇ ಮೊಳೆಯುತ್ತದೆ.

ಇನ್ನು ಕಾರು. ನಿಮ್ಮ ಸಿಟ್ಟು ನ್ಯಾಯವಾದದ್ದೇ (ನಾನೂ ಕ್ಯಾಮೆರಾ ಹಿಡಿಯುವವನು, ಆದರೂ ಹೇಳುತ್ತೇನೆ). ಕೃಷ್ಣಮೃಗದ ಎಳೆಮರಿ ಅಪಾಯ ಬಂದರೆ ಓಡುವುದಿಲ್ಲ, ಹುಲ್ಲಿನಲ್ಲಿ ಅಲುಗದೆ ಮಲಗಿಬಿಡುತ್ತದೆ. ಟಿಟ್ಟಿಭ ಹಕ್ಕಿ ನೆಲದ ಮೇಲೇ ಮೊಟ್ಟೆಯಿಡುತ್ತದೆ. ಚಾಲಕನಿಗೆ ಇವೆರಡೂ ಕಾಣುವುದಿಲ್ಲ. ಒದ್ದೆ ನೆಲದ ಮೇಲೆ ಒಮ್ಮೆ ಬಿದ್ದ ಚಕ್ರದ ಜಾಡು ಗಟ್ಟಿಯಾಗಿ, ಮುಂದಿನ ಮಳೆಗೆ ಕೊರಕಲಾಗುತ್ತದೆ. ಗುರುತಿಸಿದ ದಾರಿ ಬಿಟ್ಟು ವಾಹನ ಇಳಿಯಕೂಡದು, ಮಳೆಗಾಲದಲ್ಲಂತೂ ಗೇಟಿನಲ್ಲೇ ನಿಲ್ಲಬೇಕು.

ಕೊನೆಗೆ ಕಾನೂನು. ರಾಷ್ಟ್ರೀಯ ಉದ್ಯಾನವಾಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೇಯಿಸಲು ಅವಕಾಶವೇ ಇರುತ್ತಿರಲಿಲ್ಲ. ನಿಮ್ಮದು ಸಂರಕ್ಷಣಾ ಮೀಸಲು. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗೆ ಜಾಗವಿದೆ. ಅವರು ಯಾರು, ಮುಂದಿನ ಸಭೆ ಯಾವಾಗ ಎಂದು ಪಂಚಾಯಿತಿಯಲ್ಲಿ ಕೇಳಿ. ಕುರಿಯ ಸರದಿ, ಕಾರಿನ ಸಮಯ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ.